ಡ್ರಿಲ್ ಮೇಷ್ಟ್ರ ಬಿಸಿನೀರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಹಲಸೂರಿನ ಹಳಬರಲ್ಲಿ ಯಾರಾದರೊಬ್ಬರು ‘ಓ, ಅವರಾ?’ ಎಂದು ನಕ್ಕುಬಿಡುತ್ತಾರೆ. ಆ ನಗುವನ್ನು ಇನ್ನೊಂದು ಸಲ ಕೇಳುವ ಶಕ್ತಿ ನನಗಿಲ್ಲ. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮನೆಯವರು ಕೂಡ ಹೆಸರು ಹೇಳಲಿಲ್ಲ. “ಡ್ರಿಲ್ ಮೇಷ್ಟ್ರು ಹೋಗ್ಬಿಟ್ರಂತೆ ಕಣೇ,” ಎಂದರು. ಆಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಾನು ಹೇಳುತ್ತಿರುವುದು ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲದ ಮಾತು. ದಂಡು ಎನ್ನುತ್ತಿದ್ದ ಕಂಟೋನ್ಮೆಂಟಿನ ತುಂಬ ಸೋಲ್ಜರುಗಳು, ಮಿಲಿಟರಿ ಲಾರಿಗಳು. ಖಾಲಿ ಮನೆ ಎಂಬುದು ಹಲಸೂರಿನಲ್ಲೂ ಸಿಗುತ್ತಿರಲಿಲ್ಲ, ಈಗ ಶಿವಾಜಿನಗರ ಎನ್ನುವ ಬ್ಲಾಕ್‌ಪಲ್ಲಿಯಲ್ಲೂ ಸಿಗುತ್ತಿರಲಿಲ್ಲ. ಹಲಸೂರು ಕೆರೆಯಿಂದ ಕೂಗಳತೆಯಲ್ಲಿ ನಮ್ಮ ವಠಾರ. ನಡುವೆ ಅಂಗಳ, ಅಂಗಳದಲ್ಲೊಂದು ನಲ್ಲಿ, ಸುತ್ತಲೂ ಒಂದಕ್ಕೊಂದು ಅಂಟಿಕೊಂಡ ಮನೆಗಳು. ನಮ್ಮದು ಎರಡು ಕೋಣೆ. ಅಂಗಳದಾಚೆ, ಸರಿಯಾಗಿ ಎದುರಿಗೆ, ಮೇಷ್ಟ್ರ ಒಂದೇ ಕೋಣೆ. ನಮ್ಮನೆಯವರು ಲೆಕ್ಕ ಹೇಳಿಕೊಡುತ್ತಿದ್ದ ಸ್ಕೂಲಿನಲ್ಲೇ ಅವರು ಡ್ರಿಲ್ ಮಾಡಿಸುತ್ತಿದ್ದರು. ಹೆಂಡತಿ ಮಕ್ಕಳಿಲ್ಲದ ಒಂಟಿ ಆಳು. ಸಂಸಾರಸ್ಥರ ನಡುವೆ ಒಂಟಿ ಗಂಡಸಿಗೆ ಜಾಗ ಕೊಡುವುದಿಲ್ಲ ಎಂದು ವಠಾರದ ಮಾಲೀಕರು ಹಟ ಹಿಡಿದಾಗ ನಮ್ಮನೆಯವರೇ ‘ನಾನಿದೀನಿ’ ಎಂದು ಜವಾಬ್ದಾರಿ ಹೊತ್ತು ಕೋಣೆ ಕೊಡಿಸಿದ್ದರು.

ಮೇಷ್ಟ್ರು ಎಂದರೆ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಗಂಜಿ ಹಾಕಿದ ಖಾಕಿ ಚಡ್ಡಿ. ಆಮೇಲೆ ಮೀಸೆ. ಹಾಲಿನವಳ ಹತ್ತಿರ ಮಾತಾಡುವಾಗಲೂ ಹಿಮ್ಮಡಿ ಎರಡನ್ನೂ ಕೂಡಿಸಿಕೊಂಡೇ ನಿಲ್ಲುತ್ತಿದ್ದರು. ಹಿಂದಿನ ಯುದ್ಧದಲ್ಲಿ ಯಾವುದೋ ಪಲ್ಟನ್ನಿನಲ್ಲಿದ್ದು ಬಂದವರು. ಅದರ ಸುದ್ದಿ ಕೇಳಿದರೆ “ಊಟ ಚೆನ್ನಾಗಿ ಹಾಕೋರು” ಎಂದಷ್ಟೇ ಹೇಳಿ ಮುಗಿಸುತ್ತಿದ್ದರು. ನಮ್ಮ ಕಡೆ ಬಂದರೆ ಹೊಸಿಲು ದಾಟುತ್ತಿರಲಿಲ್ಲ, ಅಲ್ಲೇ ನಿಂತು, ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತ, “ಅಮ್ಮಣ್ಣಿ, ಲೆಕ್ಕದ ಮೇಷ್ಟ್ರು ಇದಾರಾ?” ಎನ್ನುತ್ತಿದ್ದರು.

ಮಳೆ ಬಂದರೆ ಅವರ ಡ್ರಿಲ್ ನಿಲ್ಲುತ್ತಿರಲಿಲ್ಲ. ಹುಡುಗರು ಜಗಲಿಗೆ ಓಡಿದರೆ, “ಏಯ್! ಕರಗಿ ಹೋಗೋಕೆ ನೀವೇನು ಬೆಲ್ಲದ ಅಚ್ಚೇನ್ರೋ? ಗಂಡು ಮಕ್ಳು ತಾನೇ? ಲೈನಿಗೆ ಬನ್ರೋ!” ಎಂದು ಗದರುತ್ತಿದ್ದರಂತೆ. ನಮ್ಮನೆಯವರು ಮನೆಗೆ ಬಂದು ಆ ದನಿಯನ್ನು ಮಾಡಿ ತೋರಿಸಿದರೆ ನಮ್ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. ಆದರೆ ಮಳೆಯ ಡ್ರಿಲ್ಲಿಗೆ ಒಂದು ಬಾಲಂಗೋಚಿ ಇತ್ತು. ಅದು ಮುಗಿದ ಮೇಲೆ ಹುಡುಗರನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಕೂರಿಸಿ ಇನ್ನೊಂದು ಡ್ರಿಲ್ ಮಾಡಿಸುತ್ತಿದ್ದರು. “ಬಲಗಾಲು, ಎತ್ತು! ಕಿರುಬೆರಳ ಸಂದಿ, ಒರ್ಸು! ಪಕ್ಕದ್ದು, ಒರ್ಸು! ಎಡಗಾಲು, ಎತ್ತು!” ಆಮೇಲೆ ಕಿವಿಯ ಹಿಂದೆ, ಆಮೇಲೆ ತಲೆ. ಒಣಬಟ್ಟೆ ತರದ ಹುಡುಗನಿಗೆ ತಮ್ಮ ಚೀಲದಿಂದ ಒಂದು ತುಂಡು ಎಸೆದು ಚೆನ್ನಾಗಿ ಬೈಯುತ್ತಿದ್ದರು. ಇದೂ ಪಲ್ಟನ್ನಿನ ರೂಲ್ಸ್ ಇರಬೇಕು ಎಂದು ಸ್ಕೂಲಿನಲ್ಲಿ ಎಲ್ಲರೂ ತಿಳಿದಿದ್ದರು. ಅದು ಎಲ್ಲಿಯ ರೂಲ್ಸ್ ಎಂಬುದು ನಮಗೆ ಆ ವರ್ಷದ ಶ್ರಾವಣದಲ್ಲಿ ಗೊತ್ತಾಯಿತು.

ಆ ವರ್ಷದ ಮಳೆಯಲ್ಲಿ ನಾನು ಚೊಚ್ಚಲ ಬಸುರಿ. ತವರಿಗೆ ಹೋಗಬೇಕಾದವಳು, ನನಗೆ ತಾಯಿ ಇರಲಿಲ್ಲವಾದ್ದರಿಂದ ಗಂಡನ ಮನೆಯಲ್ಲೇ ಹೆರಿಗೆ ಎಂದಾಗಿತ್ತು. ಬೆಂಗಳೂರಿನ ಮಳೆ ಸುರಿದು ಹೋದರೆ ಚಿಂತೆಯಿಲ್ಲ. ಅದು ಜಿಟಿಜಿಟಿ ಹಿಡಿದು ಕೂತಾಗ ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಒಗೆದ ಸೀರೆ ಒಣಗುವ ಮೊದಲೇ ಮುಗ್ಗಲು ವಾಸನೆ ಹಿಡಿಯುತ್ತದೆ. ಆ ಅರೆಒಣಗಿದ ಸೀರೆಯನ್ನೇ ಉಟ್ಟು ನಾನು ಅಂಗಳದ ಕೆಸರಿನಲ್ಲಿ ನೀರು ಹೊರುತ್ತಿದ್ದೆ. ಕಾಲು ಬಾತು ಬೆರಳ ಸಂದಿಯೆಲ್ಲ ಹುಣ್ಣಾಗಿತ್ತು. ಹಂಡೆಯ ಬಿಸಿನೀರು ಮೊದಲು ಗಂಡಸರಿಗೆ, ಆಮೇಲೆ ಅತ್ತೆಗೆ, ನನ್ನ ಪಾಲಿಗೆ ಬರುವ ಹೊತ್ತಿಗೆ ತಣ್ಣಗೆ. ಅತ್ತೆ ಕೆಟ್ಟವರಲ್ಲ. ಕೇಳಿದ್ದರೆ ಕಾಯಿಸಿಕೊಳ್ಳಲು ಬಿಡುತ್ತಿದ್ದರೇನೋ. ಕೇಳಲು ನನಗೆ ನಾಚಿಕೆ. ಸೊಸೆಯಾದವಳು ಬಾಯಿಬಿಟ್ಟು ನನ್ನ ಕಾಲಿಗೆ ಬಿಸಿನೀರು ಬೇಕು ಎನ್ನುವುದು ಹೇಗೆ? ಕಾಲನ್ನು ಸೀರೆಯ ನೆರಿಗೆಯೊಳಗೆ ಮುಚ್ಚಿಕೊಂಡು ಓಡಾಡುತ್ತಿದ್ದೆ.

ಹಾಗಿರುವಾಗ ಎದುರು ಕೋಣೆಯಿಂದ ಆ ವಾಸನೆ ಬರತೊಡಗಿತು. ಮೇಷ್ಟ್ರು ವಠಾರಕ್ಕೆ ಬಂದ ಮೇಲೆ ಅದೇ ಮೊದಲ ಮಳೆಗಾಲ. ಸಂಜೆ ಸ್ಕೂಲಿನಿಂದ ಬಂದು ಬಾಗಿಲು ಹಾಕಿಕೊಂಡರೆಂದರೆ ಸ್ವಲ್ಪ ಹೊತ್ತಿಗೆ ಸಾಂಬ್ರಾಣಿ ಹೊಗೆ, ಅದರ ಹಿಂದೆಯೇ ಎಣ್ಣೆಯಲ್ಲಿ ಕಾಯಿಸಿದ ಬೆಳ್ಳುಳ್ಳಿ, ಹುರಿದ ಓಮ. ನನಗಂತೂ ಆ ವಾಸನೆಗೆ ಕೈಕೆಲಸ ನಿಂತುಹೋಗುತ್ತಿತ್ತು. ಬೆಚ್ಚಗಿನ ವಾಸನೆ ಅದು. ನಮ್ಮ ಅಮ್ಮ ಇದ್ದಿದ್ದರೆ ನಮ್ಮ ಮನೆಯಲ್ಲೂ ಇನ್ನು ಕೆಲವೇ ದಿನಕ್ಕೆ ಹೀಗೇ ಇರುತ್ತಿತ್ತು ಎನ್ನಿಸಿ ಅಳು ಬರುತ್ತಿತ್ತು.

ಅತ್ತೆ ಸಾಲಾಗಿ ಹೆತ್ತವರು, ಹೆಣ್ಣುಮಕ್ಕಳ ಬಾಣಂತನವನ್ನೂ ಮಾಡಿದವರು. ಅವರ ಮೂಗಿಗೆ ಮೋಸವಿಲ್ಲ. ಒಂದು ಸಂಜೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

“ಲೇ, ಇದು ಬಾಣಂತಿ ಮನೆ ವಾಸನೆ ಕಣೇ.”

“ಯಾರ ಮನೇಲಿ ಅತ್ತೆ?”

“ಯಾರ ಮನೇಲಿ ಅಂತ ಮೂಗೇ ಹೇಳ್ತಿದೆಯಲ್ಲ!” ಎಂದು ಎದುರು ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದರು.

ಅಷ್ಟಾದ ಮೇಲೆ ಎಲ್ಲವೂ ಅದಕ್ಕೇ ಹೊಂದಿಕೊಳ್ಳುತ್ತ ಬಂತು. ಇದ್ದಿಲು ಗಾಡಿಯ ಸಾಬರು ತಾವಾಗಿಯೇ, “ಮಾಸ್ಟರ್ ಸಾಬ್‌ಗೆ ಇಷ್ಟೊಂದು ಇದ್ದಿಲು ಯಾಕಮ್ಮಾ? ಅಕೇಲಾ ಆದ್ಮಿ ಅಲ್ವಾ?” ಎಂದರು. ಒಂದು ಸಂಜೆ ಮಳೆಯೇ ಇರಲಿಲ್ಲ. ಆದರೂ ಮೇಷ್ಟ್ರ ಹೊಸಿಲ ಕೆಳಗಿಂದ ನೀರು ಹರಿದು ಅಂಗಳಕ್ಕೆ ಬಂತು. ಬಾಗಿಲ ಸಂದಿಯಲ್ಲಿ ನೆಲ ಒರೆಸುತ್ತಿದ್ದ ಅವರನ್ನು ಅತ್ತೆ ಕೇಳಿಯೇಬಿಟ್ಟರು. “ಏನ್ ಮೇಷ್ಟ್ರೇ, ಒಳಗೆಲ್ಲ ನೀರು?” ಮೇಷ್ಟ್ರು ಎದ್ದು ಹಿಮ್ಮಡಿ ಕೂಡಿಸಿ, “ಇರಚಲು ಅಮ್ಮಾವ್ರೇ. ಇರಚಲು ಹೊಡೀತು,” ಎಂದರು. ಅತ್ತೆ ಮೋಡವಿಲ್ಲದ ಆಕಾಶವನ್ನು ನೋಡಿ ಒಳಗೆ ಬಂದರು. ಒಂಟಿ ಗಂಡಸು ಎಲ್ಲಿಂದಲೋ ಒಬ್ಬಳನ್ನು ತಂದು, ಹೆರಿಗೆಯೂ ಆಗಿ, ಕೂಸಿನ ಬಾಯಿ ಮುಚ್ಚಿ ಇಟ್ಟುಕೊಂಡಿದ್ದಾನೆ ಎಂದು ವಠಾರವೆಲ್ಲ ನಂಬಿತು. ಗಂಡಸೊಬ್ಬ ತನ್ನ ಮೈಯನ್ನು ತಾನೇ ಬೆಚ್ಚಗೆ ನೋಡಿಕೊಳ್ಳಬಹುದು ಎಂಬುದೊಂದು ಮಾತ್ರ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮಾಲೀಕರು ಬಂದದ್ದು ಮಾರನೆಯ ಸಂಜೆ, ಮಳೆ ಜೋರಾಗಿದ್ದಾಗ. ನಮ್ಮನೆಯವರು ಟ್ಯೂಷನ್ನಿಗೆ ಹೋಗಿದ್ದರು. ಅತ್ತೆಯೂ ಇನ್ನಿಬ್ಬರು ಹೆಂಗಸರೂ ಮಾಲೀಕರ ಹಿಂದೆ ನಿಂತರು. ಮಕ್ಕಳು ಅವರ ಹಿಂದೆ. ನಾನು ನಮ್ಮ ಹೊಸಿಲಿನ ಮೇಲೆ ನಿಂತಿದ್ದೆ. ಎದುರು ಬಾಗಿಲು ನೇರವಾಗಿ ಕಾಣುತ್ತಿತ್ತು.

“ಮಾಸ್ಟರ್! ಉಳ್ಳೆ ಯಾರು?” ಗಾಬರಿಯಾದರೆ ಮಾಲೀಕರಿಗೆ ಮೊದಲು ತಮಿಳೇ ಬರುತ್ತಿತ್ತು. “ಒಳಗೆ ಯಾರಿದಾರೆ? ಬಾಗ್ಲು ತೆಗೀರಿ.”

“ಯಾರೂ ಇಲ್ಲ ಸ್ವಾಮಿ. ಬೆಳಿಗ್ಗೆ ಮಾತಾಡೋಣ.”

“ಬೆಳಿಗ್ಗೆ ಅಲ್ಲ, ಈಗ. ಇದು ಫ್ಯಾಮಿಲಿಗಳು ಇರೋ ಜಾಗ. ಹೆಂಗಸನ್ನ ಇಟ್ಕೊಂಡಿದೀರಿ ಅಂತಾರೆ. ಹೌದೋ ಅಲ್ವೋ, ಅದೊಂದು ಹೇಳ್ಬಿಡಿ.”

ಒಳಗೆ ನೀರು ತುಳುಕಿದ ಸದ್ದು.  ಕೊನೆಗೆ ಹುಡುಗರನ್ನು ಗದರುವ ಆ ಗಂಟಲಿನಿಂದ ಸಣ್ಣ ದನಿ ಬಂತು. “ಹಂಗೇ ಅಂತ ಇಟ್ಕೊಳ್ಳಿ. ತಿಂಗಳ ಕೊನೆಗೆ ಖಾಲಿ ಮಾಡ್ತೀನಿ. ಈಗ ದಯವಿಟ್ಟು ಎಲ್ರೂ ಹೋಗಿ.”

 ಆ ಕಾಲದಲ್ಲಿ ಕೋಣೆ ಬಿಟ್ಟರೆ ಬೀದಿ ಎಂದೇ ಅರ್ಥ. ಹೆಣ್ಣನ್ನು ಇಟ್ಟುಕೊಂಡಿದ್ದೇನೆ ಎಂಬ ಸುಳ್ಳು ಹೊರೆಯನ್ನು ಹೊತ್ತು ಬೀದಿಗೆ ಬೀಳಲು ತಯಾರಾದರು, ಬಾಗಿಲು ತೆರೆದು ತೋರಿಸಲು ತಯಾರಾಗಲಿಲ್ಲ. ಅಲ್ಲಿಗೇ ನಾವು ಹಿಂದಿರುಗಿದ್ದರೆ ಚೆನ್ನಾಗಿತ್ತು. ಆದರೆ ಅತ್ತೆಗೆ ಆ ಹೊತ್ತಿನಲ್ಲಿ ನಿಜವಾಗಿಯೂ ಮರುಕ ಹುಟ್ಟಿತು.

“ಖಾಲಿ ಮಾಡೋದೇನ್ರೀ! ಹಸಿ ಬಾಣಂತಿನ ಈ ಮಳೇಲಿ ಎಲ್ಲಿಗೆ ಹೊರಡಿಸ್ತೀರಿ? ಬುದ್ಧಿ ನೆಟ್ಟಗಿದೆಯಾ ನಿಮ್ಗೆ?” ಎಂದು ಬಾಗಿಲಿಗೆ ಹೆಗಲು ಕೊಟ್ಟರು. ವಠಾರದ ಬಾಗಿಲುಗಳೆಲ್ಲ ಮಳೆಗೆ ಉಬ್ಬಿಕೊಂಡು ಚಿಲಕ ತೂತಿಗೆ ಕೂರುತ್ತಿರಲಿಲ್ಲ. ಮೇಷ್ಟ್ರು ಒಳಗಿನಿಂದ ಒಂದು ಟ್ರಂಕನ್ನು ಒತ್ತರಿಸಿ ಇಟ್ಟಿದ್ದರು. ಅದು ಕಿರ್ರೆಂದು ಜರುಗಿ ಬಾಗಿಲು ತೆರೆದುಕೊಂಡಿತು.

ಮೇಷ್ಟ್ರು ಮಣೆಯ ಮೇಲೆ ಕುಳಿತಿದ್ದರು. ಹಬೆಯಾಡುವ ಹಿತ್ತಾಳೆ ಬೇಸಿನ್ನಿನಲ್ಲಿ ಎರಡು ಕಾಲು. ತಲೆಗೆ ಕಿವಿ ಮುಚ್ಚುವಂತೆ ಹಳೆಯ ಸೀರೆಯ ತುಂಡು ಸುತ್ತಿ, ಬಾಣಂತಿಯರು ಕಟ್ಟುವಂತೆಯೇ ಹಿಂದಕ್ಕೆ ಗಂಟು ಹಾಕಿದ್ದರು. ಮಗ್ಗುಲಲ್ಲಿ ಅಗ್ಗಿಷ್ಟಿಕೆ, ಅದರ ಮೇಲೆ ಕವುಚಿ ಹಾಕಿದ ಬಿದಿರು ಬುಟ್ಟಿ, ಬುಟ್ಟಿಯ ಮೇಲೆ ಒಣಗಲು ಹರವಿದ ಬನಿಯನ್ನು, ಕಾಲುಚೀಲ, ಆ ಖಾಕಿ ಚಡ್ಡಿ. ಪುಟ್ಟ ಬಾಣಲೆಯಲ್ಲಿ ಬೆಳ್ಳುಳ್ಳಿ ಹಾಕಿದ ಎಣ್ಣೆ. ಓಮದ ಗಂಟನ್ನು ಒಂದು ಕಿವಿಗೆ ಒತ್ತಿ ಹಿಡಿದುಕೊಂಡ ಕೈ ಹಾಗೆಯೇ ನಿಂತಿತ್ತು. ಇನ್ನೊಂದು ಕಿವಿಯ ಹತ್ತಿ ಬಟ್ಟೆಯ ಅಂಚಿನಿಂದ ಇಣುಕುತ್ತಿತ್ತು. ಆ ಮುಖದಲ್ಲಿ ಮೀಸೆಯೊಂದೇ ನಮಗೆ ಗುರುತಿದ್ದದ್ದು.

ಅತ್ತೆ ಮೂಲೆ ಮೂಲೆಗೆ ಕಣ್ಣು ಹಾಯಿಸಿದರು. ಅವಿತುಕೊಳ್ಳುವಷ್ಟು ದೊಡ್ಡ ಕೋಣೆಯೇ ಅಲ್ಲ ಅದು. “ಎಲ್ಲಿ ಅವ್ಳು? ಮಗು ಎಲ್ಲಿ?”

“ನಾನೇ ಅಮ್ಮಾವ್ರೇ,” ಎಂದರು ಮೇಷ್ಟ್ರು.

ಹೇಳುತ್ತಲೇ ಎದ್ದು ನಿಂತರು. ಕಾಲು ಬೇಸಿನ್ನಿನಲ್ಲೇ ಇತ್ತು. ಅಲ್ಲಿಯೇ ಹಿಮ್ಮಡಿ ಕೂಡಿಸಿದರು. ಕೈ ಎರಡನ್ನೂ ತೊಡೆಗೆ ಅಂಟಿಸಿ, ಮಾಲೀಕರ ತಲೆಯ ಮೇಲಿನ ಗೋಡೆಯನ್ನು ನೋಡುತ್ತ ಸಾಕ್ಷಿ ಹೇಳುವವರ ಹಾಗೆ ಹೇಳಿದರು. “ನಮ್ಮವ್ವ ಸೂಲಗಿತ್ತಿ. ಕೃಷ್ಣರಾಜಪುರದ ಆಚೆ ನಮ್ಮೂರು. ಮಳೆಗಾಲ ಬಂದ್ರೆ ನಂಗೆ ಕಿವಿ ಸೋರೋದು, ಕಾಲು ಕೊಳೆಯೋದು. ಬಾಣ್ತೀರ್ಗೆ ಮಾಡೋದನ್ನೇ ಅವ್ವ ನಂಗೂ ಮಾಡೋಳು. ಅವಳು ಹೋದ್ಮೇಲೆ ನಾನೇ ಮಾಡ್ಕೊಳ್ತೀನಿ. ಇನ್ನೇನೂ ಇಲ್ಲ.”

ಹಿಂದೆ ನಿಂತಿದ್ದ ಮಕ್ಕಳಲ್ಲಿ ಯಾವುದೋ ಒಂದು ಕಿಸಕ್ಕೆಂದಿತು. ಮಾಲೀಕರು “ಸಾರಿ ಮಾಸ್ಟರ್, ಸಾರಿ” ಎನ್ನುತ್ತ ಛತ್ರಿಯನ್ನು ಬಿಚ್ಚಲೂ ಮರೆತು ಮಳೆಯಲ್ಲಿ ಹೊರಟೇಹೋದರು. ಅತ್ತೆ ಬಾಗಿಲನ್ನು ಎಳೆದು ಹಾಕಲು ನೋಡಿದರು. ಉಬ್ಬಿದ ಬಾಗಿಲು ಹಾಕಲು ಬರಲಿಲ್ಲ. ಎಳೆದರು, ಮತ್ತೆ ಎಳೆದರು, ಅದು ಅರ್ಧಕ್ಕೆ ಬಂದು ನಿಂತಿತು. ಅಷ್ಟು ಹೊತ್ತೂ ಮೇಷ್ಟ್ರು ಬೇಸಿನ್ನಿನಲ್ಲಿ ನೆಟ್ಟಗೆ ನಿಂತೇ ಇದ್ದರು. ತಲೆಯ ಬಟ್ಟೆಯನ್ನು ಬಿಚ್ಚಬೇಕೆಂದು ಕೂಡ ಅವರಿಗೆ ತೋಚಲಿಲ್ಲ.

ನನಗೂ ಆ ದಿನ ನಾಚಿಕೆಯಾಯಿತು, ಆದರೆ ಉಳಿದವರಂತೆ ಅಲ್ಲ. ನಾನು ಅವರ ಮುಖ ನೋಡಿದ್ದು ಒಂದು ಗಳಿಗೆ. ಉಳಿದ ಹೊತ್ತೆಲ್ಲ ನೋಡಿದ್ದು ಆ ಬೇಸಿನ್ನನ್ನು. ಒಬ್ಬ ಮನುಷ್ಯನ ಮಾನ ಕಣ್ಣೆದುರಿಗೆ ಹೋಗುತ್ತಿರುವಾಗ ನನಗೆ ಬೇಕಾಗಿದ್ದದ್ದು ಆ ಬಿಸಿನೀರು. ನನ್ನ ಕಾಲು ಅದರಲ್ಲಿದ್ದರೆ, ಎಂದುಕೊಂಡೆ. ಈ ಆಸೆಯನ್ನು ಯಾರಿಗೂ ಹೇಳಿದವಳಲ್ಲ, ಇವರಿಗೂ ಹೇಳಿಲ್ಲ.

ಅತ್ತೆ ಆ ಸಂಜೆ ಒಲೆಯ ಮುಂದೆ ಕುಳಿತವರು ಬೆಂಕಿಯನ್ನು ಸುಮ್ಮಸುಮ್ಮನೆ ಕೆದಕುತ್ತಿದ್ದರು. ಬಹಳ ಹೊತ್ತಿನ ಮೇಲೆ, “ಯಾವಳನ್ನಾದ್ರೂ ಇಟ್ಕೊಂಡಿದ್ರೇ ಚೆನ್ನಾಗಿತ್ತು ಆ ಮನುಷ್ಯ,” ಎಂದರು. ಇವರು ಬಂದು ವಿಷಯ ತಿಳಿದು ತಾಯಿಯ ಮೇಲೆ ಹಾರಾಡಿದರು. ಎದುರು ಕೋಣೆಗೆ ಹೋಗಿ ಬಾಗಿಲು ಬಡಿದರೆ ಒಳಗಿನಿಂದ “ಏನಿಲ್ಲ ಸಾರ್, ಏನಿಲ್ಲ, ಮಲ್ಕೊಂಡಿದೀನಿ” ಎಂದಷ್ಟೇ ಉತ್ತರ.

ಕೋಣೆಯೇನೋ ಉಳಿಯಿತು. ಆದರೆ ವಠಾರದ ಮಕ್ಕಳು ಓದುತ್ತಿದ್ದದ್ದು ಅದೇ ಸ್ಕೂಲಿನಲ್ಲಿ. ಎರಡು ದಿನ ಬಿಟ್ಟು ನಮ್ಮನೆಯವರು ಊಟಕ್ಕೆ ಕುಳಿತವರು ಅನ್ನ ಕಲಸಿ ಹಾಗೆಯೇ ಕೂತುಬಿಟ್ಟರು. ಆ ಬೆಳಿಗ್ಗೆ ಡ್ರಿಲ್ಲಿಗೆ ಒಂದು ಕ್ಲಾಸಿನ ಹುಡುಗರೆಲ್ಲ ತಲೆಗೆ ಟವಲ್ ಸುತ್ತಿ, ಕಿವಿಗೆ ಹತ್ತಿ ಇಟ್ಟುಕೊಂಡು ಸಾಲಾಗಿ ನಿಂತಿದ್ದರಂತೆ. ಹಿಂದಿನ ಸಾಲಿನಿಂದ ಒಬ್ಬ ಕೂಸಿನ ಹಾಗೆ ಅತ್ತನಂತೆ. ಕಿಟಕಿಯಲ್ಲಿ ನೋಡುತ್ತಿದ್ದ ಮೇಷ್ಟ್ರುಗಳೂ ನಕ್ಕರಂತೆ.

“ಅವ್ರೇನು ಮಾಡಿದ್ರು?” ಎಂದು ಅತ್ತೆ ಕೇಳಿದರು.

“ಏನೂ ಮಾಡ್ಲಿಲ್ಲ. ಟೋಪಿ ತೆಗೆದು ಚೀಲಕ್ಕೆ ಹಾಕ್ಕೊಂಡು, ಬರಿತಲೇಲಿ ಮಳೆಯಲ್ಲಿ ನಿಂತು ಡ್ರಿಲ್ ಮಾಡ್ಸಿದ್ರು. ಪೂರ್ತಿ ಪೀರಿಯಡ್ಡು.” ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಇವರು ಮತ್ತೆ ಹೇಳಿದರು. “ಕೊನೇಲಿ ಕಾಲು ಒರೆಸೋ ಡ್ರಿಲ್ ಮಾಡ್ಸಲಿಲ್ಲ.”

ಅಂದಿನಿಂದ ಎದುರು ಕೋಣೆಯಿಂದ ಯಾವ ವಾಸನೆಯೂ ಬರಲಿಲ್ಲ. ಮೇಷ್ಟ್ರು ಬೆಳಿಗ್ಗೆ ಎದ್ದು ಎಲ್ಲರ ಕಣ್ಣೆದುರಿಗೆ ಅಂಗಳದ ನಲ್ಲಿಯಲ್ಲಿ ತಣ್ಣೀರು ಹಿಡಿದು ಮೈಮೇಲೆ ಸುರಿದುಕೊಳ್ಳುತ್ತಿದ್ದರು, ಮಳೆ ಬೀಳುತ್ತಿದ್ದರೂ. ಸುರಿದುಕೊಳ್ಳುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದದ್ದು ನಮ್ಮ ಅಡುಗೆಮನೆಯ ಕಿಂಡಿಯಿಂದ ಕಾಣುತ್ತಿತ್ತು. ಒದ್ದೆ ಖಾಕಿಯನ್ನೇ ತೊಟ್ಟು ಸ್ಕೂಲಿಗೆ ಹೋಗುತ್ತಿದ್ದರು. ಅವರು ಆ ಸಂಜೆಯ ಬಿಸಿನೀರಿಗೆ ಮತ್ತೆ ಹಿಂದಿರುಗುತ್ತಾರೋ ಇಲ್ಲವೋ ಎಂಬುದೊಂದೇ ನನಗೆ ಚಿಂತೆ. ಸಾಯಂಕಾಲವಾದರೆ ಮೂಗನ್ನು ಆ ಕಡೆಗೇ ಇಟ್ಟುಕೊಂಡು ಕಾಯುತ್ತಿದ್ದೆ. ಅತ್ತೆಯೂ ಕಾಯುತ್ತಿದ್ದರೆಂದು ನನಗೆ ಗೊತ್ತು. ಆಗಾಗ ಬಾಗಿಲಿಗೆ ಬಂದು ಗಾಳಿ ಮೂಸಿ ಒಳಗೆ ಹೋಗುತ್ತಿದ್ದರು.

ಒಂದು ದಿನ ಅತ್ತೆ ತಮಗೆ ತಿಳಿದ ರೀತಿಯಲ್ಲಿ ಸರಿಮಾಡಲು ಹೊರಟರು. ಕ್ಷಮಿಸಿ ಎನ್ನುವ ಬಾಯಿ ಅವರದಲ್ಲ. ಮೇಷ್ಟ್ರು ಅಂಗಳ ದಾಟುವಾಗ ಅಡ್ಡ ನಿಂತು, “ಮೇಷ್ಟ್ರೇ, ನಮ್ಮ ಸೊಸೆಗೆ ದಿನ ತುಂಬ್ತಾ ಬಂತು. ನಂಗೆ ಬಾಣಂತನದ ಹದ ಎಲ್ಲ ಮರ್ತೇ ಹೋಗಿದೆ. ನಿಮ್ಮ ತಾಯೋರು ಮಾಡ್ತಿದ್ದದ್ದು ಹೆಂಗೆ ಅಂತ ಸ್ವಲ್ಪ ಹೇಳ್ಕೊಟ್ರೆ ಉಪಕಾರ ಆಗತ್ತೆ,” ಎಂದರು. ನಮ್ಮತ್ತೆ! ನಿದ್ದೆಗಣ್ಣಿನಲ್ಲೂ ಬಾಣಂತನ ಮಾಡಬಲ್ಲವರು. ಅಷ್ಟು ದೊಡ್ಡ ಸುಳ್ಳನ್ನು ಅವರು ಅಷ್ಟು ಮೆತ್ತಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಮೇಷ್ಟ್ರು ಗೋಡೆ ನೋಡಿದರು. “ನಂಗೇನೂ ಗೊತ್ತಿಲ್ಲ ಅಮ್ಮಾವ್ರೇ. ಅದೆಲ್ಲ ಹೆಂಗಸರ ಕೆಲ್ಸ,” ಎಂದು ಹೇಳಿ ಹೊರಟುಹೋದರು.

ನನಗೆ ಭಾದ್ರಪದದಲ್ಲಿ ಹೆರಿಗೆಯಾಯಿತು, ಹೆಣ್ಣುಮಗು. ಮಳೆ ಬಿಟ್ಟಿರಲಿಲ್ಲ. ಇದ್ದಿಲಿಗೆ ಅಭಾವ, ಸೌದೆ ಹಸಿ, ಕೋಣೆಯೆಲ್ಲ ತೇವ. ಕೂಸಿನ ಬಟ್ಟೆ ಒಂದೂ ಒಣಗುವುದಿಲ್ಲವಲ್ಲ ಎಂದು ಅತ್ತೆ ತಲೆ ಚಚ್ಚಿಕೊಳ್ಳುತ್ತಿದ್ದಾಗ, ಹೆರಿಗೆಯ ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸಿಲಲ್ಲಿ ಅಗ್ಗಿಷ್ಟಿಕೆ. ಮೇಲೆ ಬೂದಿ ಮುಚ್ಚಿ, ಒಳಗೆ ಕೆಂಡ ನಿಗಿನಿಗಿ. ಪಕ್ಕದಲ್ಲಿ ಬಿದಿರು ಬುಟ್ಟಿ, ಬುಟ್ಟಿಯೊಳಗೆ ಸಾಂಬ್ರಾಣಿ, ಓಮದ ಪೊಟ್ಟಣ. ಅತ್ತೆ ಎದುರು ಬಾಗಿಲನ್ನು ನೋಡಿದರು. ಮುಚ್ಚಿತ್ತು. ಎರಡನ್ನೂ ಎತ್ತಿಕೊಂಡು ಒಳಗೆ ಬಂದವರ ಕಣ್ಣಲ್ಲಿ ನೀರಿತ್ತು. “ಹೊಗೆ,” ಎಂದರು ನನಗೆ.

ನನ್ನ ಬಾಣಂತನ ಮುಗಿಯುವವರೆಗೆ ಆ ಕೆಂಡ ತಪ್ಪಲಿಲ್ಲ. ಅದರ ಮೇಲೆ ನೀರು ಕಾದು ಮೊಟ್ಟಮೊದಲ ಸಲ ನನ್ನ ಕಾಲು ಉಪ್ಪಿನ ಬಿಸಿನೀರಿಗೆ ಇಳಿಯಿತು. ಅತ್ತೆಯೇ ಕೂತು ಬೆರಳ ಸಂದಿ ಒರೆಸಿ, ಹುಣ್ಣು ನೋಡಿ, “ಇದನ್ನ ಯಾಕೆ ಹೇಳ್ಲಿಲ್ವೇ?” ಎಂದು ಬೈದರು. ಕೂದಲಿಗೆ ಸಾಂಬ್ರಾಣಿ ಹಿಡಿದು ತಲೆ ಕಟ್ಟಿದರು. ಕೂಸಿನ ಬಟ್ಟೆಗಳು ಮೇಷ್ಟ್ರ ಬುಟ್ಟಿಯ ಮೇಲೆ ಗರಿಗರಿಯಾಗಿ ಒಣಗಿದವು. ಸುಖವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೊಗೆ ಬಾಗಿಲಾಚೆ ಹೋಗುವಾಗಲೆಲ್ಲ ಅದು ಅಂಗಳ ದಾಟಿ ಎಲ್ಲಿಗೆ ಹೋಗುತ್ತದೆಂದು ನೆನೆದು ಮುಖ ಕೆಂಪಾಗುತ್ತಿತ್ತು. ಅವರ ಬಿಸುಪನ್ನು ಅವರ ಎದುರಿಗೇ ನಾನು ಅನುಭವಿಸುತ್ತಿದ್ದೆ. ಮೇಷ್ಟ್ರು ನಮ್ಮ ಬಾಗಿಲ ಮುಂದೆ ಹಾಯುವಾಗ ಮುಖವನ್ನು ಆಚೆ ತಿರುಗಿಸಿ, ಪೆರೇಡಿನಂತೆ ಹೆಜ್ಜೆ ಹಾಕಿಕೊಂಡು ಹೋಗುತ್ತಿದ್ದರು.

ಬಾಣಂತನ ಮುಗಿದ ಮೇಲೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬುಟ್ಟಿ, ಅಗ್ಗಿಷ್ಟಿಕೆ ಹಿಂದಕ್ಕೆ ಕೊಡಲು ಹೋದೆ. ಅವರು ಹೊಸಿಲಿನಾಚೆ ಒದ್ದೆ ಬನಿಯನ್ನಿನಲ್ಲಿ ನಿಂತಿದ್ದರು.

“ಮೇಷ್ಟ್ರೇ, ನಿಮ್ಮ ಬುಟ್ಟಿ.”

“ಆಂ?” ಎಂದು ಬಲಗಿವಿಯನ್ನು ನನ್ನ ಕಡೆ ತಿರುಗಿಸಿದರು. ನಾನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.

“ನೀವೇ ಇಟ್ಕೊಳ್ಳಿ ಅಮ್ಮಣ್ಣಿ. ನಂಗೆ ಅದ್ರಿಂದ ಏನೂ ಕೆಲ್ಸ ಇಲ್ಲ.”

“ಮಳೆ ಇನ್ನೂ ಇದೆಯಲ್ಲ... ನಿಮ್ಮ ಕಿವಿಗೆ...”

“ಕಿವಿಗೇನು? ಗಟ್ಟಿಯಾಗಿದೆ,” ಎಂದರು. ಆಮೇಲೆ ಮೊದಲ ಸಲ ಗೋಡೆ ಬಿಟ್ಟು ಕೆಳಗೆ ನೋಡಿದರು. ನನ್ನನ್ನಲ್ಲ, ಮಗುವನ್ನು. ಅದರ ಪಾದದ ಮೇಲಿನ ಬಟ್ಟೆ ಜಾರಿತ್ತು. ಬೆರಳಿನ ತುದಿಯಿಂದ ಅದನ್ನು ಎಳೆದು ಮುಚ್ಚಿದರು. “ಕಾಲು ಬೆಚ್ಚಗಿಡಿ,” ಎಂದು ಹೇಳಿ ಬಾಗಿಲು ಹಾಕಿಕೊಂಡರು. ಮಳೆ ಸ್ವಲ್ಪ ಇಳಿದಿದ್ದರಿಂದ ಚಿಲಕ ಆಗಲೇ ಸರಿಯಾಗಿ ಕೂರುತ್ತಿತ್ತು. ಅದು ಬಿದ್ದ ಸದ್ದು ಕೇಳಿತು.

ಯುದ್ಧ ಮುಗಿಯುವ ಮೊದಲೇ ಇವರಿಗೆ ಬೇರೆ ಊರಿಗೆ ವರ್ಗವಾಯಿತು. ವರ್ಷಗಳಾದ ಮೇಲೆ ಬಾಣಸವಾಡಿಯಲ್ಲಿ ಮನೆ ಮಾಡಿಕೊಂಡು ನೆಲೆ ನಿಂತೆವು. ಮೇಷ್ಟ್ರು ರಿಟೈರಾಗಿ ತಮ್ಮೂರು ಸೇರಿದ್ದಾರೆಂದು ಗೊತ್ತಿತ್ತು. ಒಂದೇ ಒಂದು ಸಲವಾದರೂ ಹೋಗಿ ನೋಡುವ ಮುಖ ಇಬ್ಬರಿಗೂ ಇರಲಿಲ್ಲ. ಸುದ್ದಿ ಬಂದ ಮೇಲೆ ಹೋದೆವು. ಕೃಷ್ಣರಾಜಪುರದ ಸ್ಟೇಷನ್ನಿನಲ್ಲಿ ಇಳಿದು ಹೊಲದ ಬದುವಿನ ಮೇಲೆ ನಡೆದು ಊರು ಸೇರುವಷ್ಟರಲ್ಲಿ ಕಾಲೆಲ್ಲ ಕೆಸರು. ಮೇಷ್ಟ್ರ ತಂಗಿ, ವಯಸ್ಸಾದ ಹೆಂಗಸು, ಕಾಲಿಗೆ ನೀರು ಕೊಟ್ಟರು. ಬಿಸಿಯಾದ ನೀರು. ಇವರು ತೊಳೆದುಕೊಂಡು ಬೇಗ ಒಳಗೆ ಹೋದರು. ನಾನು ಆಕೆಯ ಜೊತೆ ಜಗಲಿಯಲ್ಲಿ ಕುಳಿತೆ.

“ಕಿವಿ ಪೂರ್ತಿ ಹೋಗಿತ್ತು ನಮ್ಮಣ್ಣಂಗೆ,” ಎಂದರು ಆಕೆ. “ಎದೇಲಿ ಶೀತ ಕಟ್ಕೊಂಡಿತ್ತು. ಆದ್ರೂ ಕೊನೇವರ್ಗೂ ತಣ್ಣೀರೇ. ನೀರು ಕಾಯ್ಸಿ ಕೊಡ್ತೀನಿ ಬಾರಣ್ಣ, ಕಿವಿಗೆ ಒಂಚೂರು ಎಣ್ಣೆ ಬಿಡ್ತೀನಿ ಅಂದ್ರೆ ಮೈಮೇಲೆ ಬರೋನು. ‘ನಾನೇನು ಬಾಣಂತಿಯಾ?’ ಅನ್ನೋನು. ಚಿಕ್ಕೋನಿದ್ದಾಗ ಅವ್ವನ ಬಿಸಿನೀರು ಅಂದ್ರೆ ಪ್ರಾಣ ಬಿಡ್ತಿದ್ದ. ದಂಡಿನ ಸ್ಕೂಲ್ನಾಗೆ ಕೆಲ್ಸಕ್ಕೆ ಸೇರ್ದಾಗ್ಲೂ ಅವ್ವನ ಬುಟ್ಟೀನೇ ಹೊತ್ಕೊಂಡು ಹೋಗಿದ್ದ. ಅದ್ಯಾಕೆ ಹಂಗಾದ್ನೋ, ಆ ಬುಟ್ಟಿ ಎಲ್ಲಿ ಕಳ್ಕೊಂಡ್ನೋ, ಒಂದೂ ಬಾಯಿ ಬಿಡ್ಲಿಲ್ಲ. ನಿಮ್ಗೇನಾದ್ರೂ ಗೊತ್ತಾ ತಾಯಿ?”

ಅವರ ತಾಯಿಯ ಬುಟ್ಟಿ ನಮ್ಮ ಮನೆಯ ಅಟ್ಟದ ಮೇಲಿದೆ. ನನ್ನ ಮಕ್ಕಳ ಬಟ್ಟೆಯೆಲ್ಲ ಒಣಗಿದ್ದು ಅದರ ಮೇಲೆ. “ಇಲ್ಲಮ್ಮ,” ಎಂದೆ.  ಆಕೆ ನಿಟ್ಟುಸಿರು ಬಿಟ್ಟು, ನನ್ನ ಕಾಲು ಒರೆಸಿಕೊಳ್ಳಲು ಒಣಬಟ್ಟೆ ತಂದುಕೊಟ್ಟರು.

ಊರಿನಿಂದ ಬಂದ ಮೇಲೆ ಒಂದು ತೀರ್ಮಾನ ಮಾಡಿದೆ. ಮಳೆ ಹಿಡಿದ ಸಂಜೆ ಕಾಲಿಗೆ ಬಿಸಿನೀರು ಇಟ್ಟುಕೊಳ್ಳುವ ಅಭ್ಯಾಸ ನನಗೆ ಆ ಬಾಣಂತನದಿಂದ ಉಳಿದುಬಂದಿದೆ. ಯಾವಾಗಲೂ ಬಾಗಿಲು ಹಾಕಿಕೊಂಡೇ ಕೂರುತ್ತಿದ್ದೆ. ಇನ್ನು ಮೇಲೆ ಬಾಗಿಲು ತೆರೆದಿಟ್ಟೇ ಕೂರಬೇಕು, ನೋಡುವವರು ನೋಡಲಿ, ಮೇಷ್ಟ್ರಿಗಾಗಿ ಅಷ್ಟಾದರೂ ಮಾಡಬೇಕು ಎಂದುಕೊಂಡೆ. ನಿನ್ನೆ ಸಂಜೆ ಹಾಗೆಯೇ ಮಾಡಿದೆ. ಬೇಸಿನ್ನಿಗೆ ನೀರು ಸುರಿದು, ಉಪ್ಪು ಹಾಕಿ, ಸೀರೆ ಮೇಲಕ್ಕೆ ಎತ್ತಿಕೊಂಡು, ತೆರೆದ ಬಾಗಿಲಿಗೆ ಎದುರಾಗಿ ಕುಳಿತೆ. ನೀರಿನ ಬಿಸಿ ಮೊಣಕಾಲಿಗೆ ಏರುತ್ತಿತ್ತು. ಅಷ್ಟರಲ್ಲಿ ಗೇಟು ಸದ್ದಾಯಿತು, ಹೆಜ್ಜೆ ಕೇಳಿತು. ಯಾರೆಂದು ನೋಡುವುದರೊಳಗೆ ನಾನು ಕಾಲು ಎಳೆದುಕೊಂಡು, ಸೀರೆ ಇಳಿಬಿಟ್ಟು, ಬೇಸಿನ್ನನ್ನು ಮಂಚದ ಕೆಳಗೆ ತಳ್ಳಿಯಾಗಿತ್ತು.

ಬಂದವರು ನಮ್ಮನೆಯವರು. ಬಾಗಿಲಲ್ಲೇ ನಿಂತು ಕೇಳಿದರು. “ಏನೇ ಇದು, ನೆಲ ಎಲ್ಲ ಒದ್ದೆ?”

“ಇರಚಲು,” ಎಂದೆ.